ಹುಡುಕಾಟ, ಫೋಲ್ಡರ್, ಆವಕ ಸಂಖ್ಯೆ: ಗಡಿನಾಡಿನ ಕಚೇರಿಗೆ ಹೊಂದುವ ಇಮೇಲ್ ಕ್ರಮ ಯಾವುದು?

ಬಂದ ಇಮೇಲ್‌ಗಳನ್ನು ವಿಂಗಡಿಸುವ ಅಗತ್ಯವಿಲ್ಲ, ಬೇಕಾದಾಗ ಹುಡುಕಿದರೆ ಸಾಕು ಎಂಬ ಸಲಹೆ ಒಂದೇ ಭಾಷೆಯಲ್ಲಿ ವ್ಯವಹರಿಸುವ ಕಚೇರಿಗೆ ಸರಿಹೋಗುತ್ತದೆ. ಕಾಸರಗೋಡಿನ ಸಹಕಾರಿ ಸಂಘವೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ನನಗೆ ಇಲಾಖೆಯ ಸುತ್ತೋಲೆಗಳು ಮಲಯಾಳದಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಸದಸ್ಯರ ಅರ್ಜಿಗಳು ಕನ್ನಡದಲ್ಲಿ, ಮಂಗಳೂರಿನ ಅಡಕೆ ವ್ಯಾಪಾರಿಗಳ ಪತ್ರಗಳು ಇಂಗ್ಲಿಷಿನಲ್ಲಿ ಬರುತ್ತವೆ. ಹುಡುಕಾಟ, ಫೋಲ್ಡರ್, ಲೇಬಲ್, ವಾಟ್ಸಾಪ್ ಗುಂಪು ಈ ನಾಲ್ಕನ್ನೂ ಬಳಸಿ ನೋಡಿದ ಮೇಲೆ, ಇಂತಹ ಕಚೇರಿಗೆ ಲೇಬಲ್ ಮತ್ತು ವಿಷಯದ ಸಾಲಿನಲ್ಲಿ ಬರೆದ ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಕೊಡುವ ಕ್ರಮಸಂಖ್ಯೆ) ಇವೆರಡೂ ಸೇರಿದ ಕ್ರಮವೇ ಮೇಲು ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಜಿಮೇಲ್‌ನ ಹುಡುಕಾಟ ಶಕ್ತಿಯುತವಾದದ್ದು ಎಂಬುದರಲ್ಲಿ ಸಂಶಯವಿಲ್ಲ. ಕಳುಹಿಸಿದವರ ಹೆಸರು, ದಿನಾಂಕ, ಲಗತ್ತು ಇದೆಯೇ ಇಲ್ಲವೇ ಎಂಬುದನ್ನು ಕೊಟ್ಟು ಹುಡುಕಿದರೆ ವರ್ಷಗಳ ಹಿಂದಿನ ಪತ್ರವೂ ಕ್ಷಣದಲ್ಲಿ ಎದುರಿಗೆ ಬರುತ್ತದೆ. ತೊಡಕು ಇರುವುದು ಪದಗಳಲ್ಲಿ. ಜಿಮೇಲ್ ಇಡೀ ಪದವನ್ನು ಹುಡುಕುತ್ತದೆಯೇ ಹೊರತು ಪದದ ಭಾಗವನ್ನಲ್ಲ; ಆದ್ದರಿಂದ ‘ಬದಿಯಡ್ಕ’ ಎಂದು ಹುಡುಕಿದಾಗ ‘ಬದಿಯಡ್ಕದಿಂದ’ ಎಂದು ಬರೆದ ಪತ್ರ ತಪ್ಪಿಹೋಗುತ್ತದೆ, ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಗೆ ಇದು ಸಣ್ಣ ಕೊರತೆಯಲ್ಲ. ನಮ್ಮ ಊರಿನ ಹೆಸರಂತೂ ಇಂಗ್ಲಿಷಿನಲ್ಲಿಯೇ ಎರಡು ಮೂರು ಕಾಗುಣಿತಗಳಲ್ಲಿ ಬರುತ್ತದೆ. ಮಲಯಾಳದ ಚಿಲ್ಲಕ್ಷರಗಳಿಗೆ, ಅಂದರೆ ಸ್ವರವಿಲ್ಲದ ವ್ಯಂಜನಗಳನ್ನು ತೋರಿಸುವ ಅಕ್ಷರಗಳಿಗೆ, ಗಣಕದಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಗೊತ್ತುಪಡಿಸುವ ಯೂನಿಕೋಡ್ 2008ರಲ್ಲಿ, ತನ್ನ 5.1ನೇ ಆವೃತ್ತಿಯಲ್ಲಿ, ಪ್ರತ್ಯೇಕ ಸಂಕೇತಗಳನ್ನು ಕೊಟ್ಟಿತು. ಹಳೆಯ ಕ್ರಮದಲ್ಲಿ ಟೈಪ್ ಮಾಡಿದ ಪದ ಕಣ್ಣಿಗೆ ಅದೇ ಆಗಿ ಕಂಡರೂ ಗಣಕಕ್ಕೆ ಬೇರೆಯೇ ಪದ. ಯೂನಿಕೋಡ್ ಅಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಲಗತ್ತುಗಳನ್ನಂತೂ ಕನ್ನಡ ಪದ ಕೊಟ್ಟು ಹುಡುಕುವ ದಾರಿಯೇ ಇಲ್ಲ.

ಪದದ ಭಾಗವನ್ನು ಹುಡುಕುವ ವಿಷಯದಲ್ಲಿ, ಗಣಕದಲ್ಲಿ ಹಾಕಿಕೊಂಡು ಇಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್ ಮುಂದಿದೆ. ಅದರಲ್ಲಿ ಪತ್ರಗಳ ಪಟ್ಟಿಯ ಮೇಲ್ಭಾಗದಲ್ಲಿರುವ ಶೀಘ್ರ ಸೋಸುವಿಕೆಯ (Quick Filter) ಚೌಕದಲ್ಲಿ ಪದದ ತುಣುಕನ್ನು ಬರೆದರೂ ಸಾಕು. ‘ಕಾಸರಗೋಡ’ ಎಂದು ಕೊಟ್ಟರೆ ‘ಕಾಸರಗೋಡು’, ‘ಕಾಸರಗೋಡಿನ’, ‘ಕಾಸರಗೋಡಿಗೆ’ ಎಲ್ಲವೂ ಸಿಗುತ್ತವೆ. ಕನ್ನಡದಲ್ಲಿ ಹೆಚ್ಚು ಪತ್ರ ಬರುವವರು ಇದೊಂದಕ್ಕಾಗಿಯಾದರೂ ಆ ತಂತ್ರಾಂಶವನ್ನು ಹಾಕಿಕೊಳ್ಳಬಹುದು.

ಫೋಲ್ಡರ್ ಕ್ರಮವನ್ನು ಔಟ್‌ಲುಕ್‌ನಲ್ಲಿ ಪ್ರಯತ್ನಿಸಿದೆ. ಕಳುಹಿಸುವವರ ವಿಳಾಸದ ಆಧಾರದಲ್ಲಿ ಪತ್ರಗಳನ್ನು ತಾನಾಗಿಯೇ ಬೇರ್ಪಡಿಸುವ ನಿಯಮಗಳನ್ನು ರಚಿಸಬಹುದು, ಸುತ್ತೋಲೆಗಳಿಗೂ ಬ್ಯಾಂಕಿನ ಸೂಚನೆಗಳಿಗೂ ಅವು ಸೊಗಸಾಗಿ ನಡೆಯುತ್ತವೆ. ಆದರೆ ಒಂದು ಪತ್ರ ಒಂದು ಫೋಲ್ಡರಿನಲ್ಲಿ ಮಾತ್ರ ಇರಬಲ್ಲದು. ವ್ಯಾಪಾರಿಯೊಬ್ಬರು ಒಂದೇ ಪತ್ರದಲ್ಲಿ ಬಾಕಿ ಹಣ, ಜಿಎಸ್‌ಟಿ ಬಿಲ್ಲು ಮತ್ತು ಮುಂದಿನ ಖರೀದಿ ಮೂರನ್ನೂ ಬರೆದರೆ ಅದನ್ನು ಎಲ್ಲಿಡಬೇಕು? ಪ್ರತಿ ಮಾಡಿ ಮೂರು ಕಡೆ ಇಟ್ಟರೆ ಯಾವುದಕ್ಕೆ ಉತ್ತರ ಹೋಗಿದೆ ಎಂಬ ಗೊಂದಲ ಹುಟ್ಟುತ್ತದೆ. ಜಿಮೇಲ್‌ನ ಲೇಬಲ್ ಇಲ್ಲಿ ಗೆಲ್ಲುತ್ತದೆ: ಪತ್ರ ಒಂದೇ, ಹಚ್ಚುವ ಹೆಸರುಗಳು ಬೇಕಾದಷ್ಟು.

ಉದ್ದವಾದ ಸಂವಾದ ಸರಣಿಗಳನ್ನು ಓದುವ ಬಗೆಯಲ್ಲಿಯೂ ವ್ಯತ್ಯಾಸವಿದೆ. ಜಿಮೇಲ್ ಒಂದೇ ವಿಷಯದ ಪತ್ರಗಳನ್ನು ಬಂದ ಕಾಲಕ್ರಮದಲ್ಲಿ ಜೋಡಿಸುತ್ತದೆ. ವಿಷಯದ ಸಾಲು ಬದಲಾದರೆ ಅಥವಾ ಪತ್ರಗಳು 100ನ್ನು ಮೀರಿದರೆ ಹೊಸ ಸರಣಿ ಆರಂಭವಾಗುತ್ತದೆ. ಥಂಡರ್‌ಬರ್ಡ್ ಪ್ರತಿ ಪತ್ರದೊಳಗೆ ಅಡಗಿರುವ ‘ಇದು ಯಾವ ಪತ್ರಕ್ಕೆ ಉತ್ತರ’ ಎಂಬ ಗುರುತನ್ನು ಓದಿ ಕವಲುಗಳಾಗಿ ತೋರಿಸುತ್ತದೆ. ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಶಾಖೆಯವರು ಒಂದು ಉತ್ತರ, ಕಾರ್ಯದರ್ಶಿಗಳು ಇನ್ನೊಂದು ಉತ್ತರ ಬರೆದು, ಎರಡಕ್ಕೂ ಮರುಪ್ರಶ್ನೆಗಳು ಬಂದಾಗ, ಕಾಲಕ್ರಮದ ಪಟ್ಟಿಯಲ್ಲಿ ಯಾವ ಪ್ರಶ್ನೆ ಯಾರಿಗೆ ಎಂದು ತಿಳಿಯಲು ಎಲ್ಲವನ್ನೂ ಮತ್ತೆ ಓದಬೇಕಾಗುತ್ತದೆ. ಕವಲುಗಳಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಇಬ್ಬರ ನಡುವಿನ ನೇರ ಪತ್ರವ್ಯವಹಾರಕ್ಕೆ ಜಿಮೇಲ್‌ನ ಕ್ರಮವೇ ಹಿತ.

ಆವಕ ಸಂಖ್ಯೆಯ ಪದ್ಧತಿ ಹೊಸದೇನಲ್ಲ, ಅಂಚೆಯಲ್ಲಿ ಬಂದ ಕಾಗದಗಳಿಗೆ ಆವಕ-ಜಾವಕ ಪುಸ್ತಕದಲ್ಲಿ ನಮೂದಿಸುವುದನ್ನೇ ಇಮೇಲ್‌ಗೂ ಅನ್ವಯಿಸಿದ್ದು. ಮುಖ್ಯ ಪತ್ರವೊಂದು ಬಂದೊಡನೆ ಅದಕ್ಕೆ ಸಂಖ್ಯೆ ಕೊಟ್ಟು, ನಮ್ಮ ಮೊದಲ ಉತ್ತರದ ವಿಷಯದ ಸಾಲಿನಲ್ಲಿಯೇ ಅದನ್ನು ಸೇರಿಸುತ್ತೇನೆ. ಬರೆಯುವವರು ಯಾವ ಭಾಷೆಯವರಾದರೂ ಸಂಖ್ಯೆ ಬದಲಾಗುವುದಿಲ್ಲ, ಪ್ರತ್ಯಯ ಹತ್ತುವುದಿಲ್ಲ. ಎರಡು ಎಚ್ಚರಿಕೆಗಳು ಬೇಕು. ಕನ್ನಡ ಅಂಕಿಗಳಲ್ಲಿ ಒಮ್ಮೆ, 1, 2, 3 ಎಂದು ಇನ್ನೊಮ್ಮೆ ಬರೆಯಬಾರದು. ಸಂಖ್ಯೆ ಸೇರಿಸಿದೊಡನೆ ವಿಷಯದ ಸಾಲು ಬದಲಾಗಿ ಜಿಮೇಲ್‌ನಲ್ಲಿ ಮೂಲಪತ್ರ ಬೇರೆ ಸರಣಿಯಾಗಿ ಉಳಿಯುವುದರಿಂದ, ಎರಡಕ್ಕೂ ಅದೇ ಸಂಖ್ಯೆಯ ಲೇಬಲ್ ಹಚ್ಚಲೇಬೇಕು.

ವಾಟ್ಸಾಪ್ ಗುಂಪು ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತದೆ, ಕ್ಷೇತ್ರದಲ್ಲಿರುವ ಸಿಬ್ಬಂದಿ ಇಂದಿನ ಅಡಕೆ ಧಾರಣೆ ಕೇಳುವುದಕ್ಕೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಅಲ್ಲಿ ವಿಷಯದ ಸಾಲು ಇಲ್ಲ, ಕಳುಹಿಸಿದ ಸಂದೇಶವನ್ನು 15 ನಿಮಿಷಗಳೊಳಗೆ ತಿದ್ದಬಹುದು, ಎಲ್ಲರ ಪ್ರತಿಯಿಂದಲೂ ಅಳಿಸಬಹುದು. ಹಣಕ್ಕೆ ಸಂಬಂಧಿಸಿದ ಒಪ್ಪಿಗೆಯನ್ನು ಅಲ್ಲಿ ಕೊಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಗುಂಪಿನಲ್ಲಿ ತೀರ್ಮಾನವಾದದ್ದನ್ನು ಆವಕ ಸಂಖ್ಯೆಯೊಂದಿಗೆ ಇಮೇಲ್ ಮಾಡಿದ ನಂತರವೇ ಚೆಕ್ಕು ಬರೆಯುವುದು ನಮ್ಮ ಕಚೇರಿಯ ಈಗಿನ ರೂಢಿ.

ಒಂದೇ ಖಾತೆಯನ್ನು ಹಲವರು ತೆರೆಯುವ ಕಚೇರಿಗಳಲ್ಲಿ ಇನ್ನೊಂದು ಅಂಶವೂ ಗಮನಾರ್ಹ. ಒಬ್ಬರು ಪತ್ರವನ್ನು ತೆರೆದರೆ ಅದು ಎಲ್ಲರಿಗೂ ಓದಿದಂತೆ ಕಾಣುತ್ತದೆ, ಕೆಲಸ ಮುಗಿದಿರುವುದಿಲ್ಲ. ಆದ್ದರಿಂದ ಉತ್ತರ ಬಾಕಿ ಇರುವ ಪತ್ರಕ್ಕೆ ನಕ್ಷತ್ರದ ಗುರುತು ಹಾಕುತ್ತೇವೆ, ಉತ್ತರ ಕಳುಹಿಸಿದವರೇ ಅದನ್ನು ತೆಗೆಯುತ್ತಾರೆ.