ಕ್ರೂಸ್‌ಗೆ ಹೊರಟೀರೇನು? ಬಾಟ್ಲಿ ಮನಿಯಾಗ ಇಟ್ಟು ಹೋಗ್ರಿ

ಕ್ರೂಸ್ ಅಂದರೆ ಪ್ರವಾಸಿ ಹಡಗಿನ ವಿಹಾರ: ಮುಂಬೈಯಿಂದ ಗೋವಾಕ್ಕೆ ಎರಡು ರಾತ್ರಿ, ಸಿಂಗಪುರದಿಂದ ಮೂರು-ನಾಲ್ಕು ರಾತ್ರಿ. ಹುಬ್ಬಳ್ಳಿ-ಧಾರವಾಡದ ಟ್ರಾವೆಲ್ಸ್‌ನವರ ಬೋರ್ಡಿನಲ್ಲಿ ಈಗ ಶಿರಡಿ, ತಿರುಪತಿ ಪಕ್ಕದಲ್ಲೇ ಕ್ರೂಸ್ ಪ್ಯಾಕೇಜೂ ಇರುತ್ತದೆ. ಟಿಕೆಟ್ ಆದ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಾದರೂ ಕೇಳುತ್ತಾರೆ: "ಹಡಗಿನ್ಯಾಗ ಡ್ರಿಂಕ್ಸ್ ರೇಟ್ ಭಾಳ ಅಂತ, ನಾವ ಒಯ್ದ್ರ ನಡೀತದೇನ್ರಿ?" ಏಜೆಂಟರಲ್ಲಿ ಕೆಲವರು "ಏನೂ ಆಗೂದಿಲ್ಲ, ಅರಿವ್ಯಾಗ ಸುತ್ತಿ ಇಡ್ರಿ" ಎಂದು ಹೇಳಿಬಿಡುತ್ತಾರೆ. ಆ ಮಾತು ಕೇಳಿ ಹೊರಟ ಒಂದು ಗುಂಪಿಗೆ ಏನಾಯಿತು, ಯಾಕಾಯಿತು ಎಂಬುದನ್ನು ಬಿಡಿಸಿ ಬರೆದಿದೆ. ರಜೆಗೆ ಹೊರಡುವವರು ಪೂರ್ತಿ ಓದಬೇಕು.

ಹುಬ್ಬಳ್ಳಿಯ ನಾಲ್ಕು ಕುಟುಂಬ, ದಾದರ್ ರೈಲಿನಲ್ಲಿ ಮುಂಬೈಗೆ ಹೋಗಿ ಬ್ಯಾಲಾರ್ಡ್ ಪಿಯರ್‌ನಲ್ಲಿ ಹಡಗು ಹತ್ತುವ ಯೋಜನೆ. ಗಾಜಿನ ಎರಡು ವಿಸ್ಕಿ ಬಾಟ್ಲಿ ಟವೆಲ್‌ನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ. ಲೀಟರಿನ ಎರಡು ನೀರಿನ ಬಾಟ್ಲಿಯಲ್ಲಿ ವೋಡ್ಕಾ. ಚಕ್ಕುಲಿ ಡಬ್ಬಿಯ ಕೆಳಗೆ ನೈಂಟಿಯ (90 ಮಿಲಿ ಮದ್ಯದ) ಟೆಟ್ರಾ ಪ್ಯಾಕು. ಟರ್ಮಿನಲ್ಲಿನಲ್ಲಿ ದೊಡ್ಡ ಬ್ಯಾಗುಗಳಿಗೆ ಕ್ಯಾಬಿನ್ ನಂಬರಿನ ಚೀಟಿ ಕಟ್ಟಿ ಒಳಗೆ ಕಳಿಸಿದರು. ಸಂಜೆಗೆ ಅಕ್ಕಪಕ್ಕದ ಎಲ್ಲ ಕ್ಯಾಬಿನ್ನುಗಳ ಬಾಗಿಲ ಮುಂದೆ ಬ್ಯಾಗು ಬಂದವು, ಇವರ ಮೂರು ಬ್ಯಾಗು ಬರಲಿಲ್ಲ. ಆಮೇಲೆ ಕ್ಯಾಬಿನ್ ಫೋನಿಗೆ ಕರೆ: ಕೆಳಗಿನ ಡೆಕ್ಕಿಗೆ ಬನ್ನಿ, ನಿಮ್ಮ ಎದುರಿಗೇ ಬ್ಯಾಗ್ ತೆಗೆಯಬೇಕು.

ಹೋಗಿ ನೋಡಿದರೆ ಗಾಜಿನ ಒಂದು ಬಾಟ್ಲಿ ಒಡೆದಿತ್ತು. ರೇಷ್ಮೆ ಸೀರೆ, ಮಕ್ಕಳ ಬಟ್ಟೆ, ಶೇಂಗಾ ಚಟ್ನಿ ಪುಡಿಯ ಪಾಕೀಟು, ಎಲ್ಲಕ್ಕೂ ವಿಸ್ಕಿ ಹತ್ತಿ ಇಡೀ ಸೂಟ್‌ಕೇಸು ನಾರುತ್ತಿತ್ತು. ಗುಂಪಿನ ಹಿರಿಯರೊಬ್ಬರ ಬಿಪಿ ಮಾತ್ರೆಯೂ ಅದೇ ಬ್ಯಾಗಿನಲ್ಲಿ. ಉಳಿದ ಬಾಟ್ಲಿಗಳನ್ನು ಹೆಸರು ಬರೆದುಕೊಂಡು ಎತ್ತಿಟ್ಟರು, ವಾಪಸು ಸಿಗುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಮೊದಲ ರಾತ್ರಿಯ ಊಟವೂ ಮುಗಿದುಹೋಗಿತ್ತು. ಏಜೆಂಟರಿಗೆ ಫೋನ್ ಹಚ್ಚಿದರೆ "ಅದು ಟಿಕೆಟ್ ಕಂಡೀಷನ್‌ನ್ಯಾಗ ಐತಲ್ರಿ" ಎಂಬ ಉತ್ತರ.

ಅದು ನಿಜವೇ. ಹಡಗಿನ ಟಿಕೆಟ್ ಒಂದು ಒಪ್ಪಂದ. ಹತ್ತುವಾಗ ಏನು ತರಬಹುದು, ತರಬಾರದು ಎಂಬುದು ಅದರಲ್ಲಿ ಇರುತ್ತದೆ, ಸಾಮಾನು ತಪಾಸಣೆಗೆ ನಾವು ಒಪ್ಪಿದ್ದೇವೆ ಎಂದೂ ಇರುತ್ತದೆ. ನಿಯಮ ಮುರಿದವರನ್ನು ಹತ್ತಿಸದೆ ಬಿಡುವ ಅಥವಾ ಮುಂದಿನ ಬಂದರಿನಲ್ಲಿ ಇಳಿಸುವ ಅಧಿಕಾರ ಹಡಗಿನವರಿಗಿದೆ. ಹಾಗೆ ಇಳಿಸಿದರೆ ದುಡ್ಡು ವಾಪಸು ಬರುವುದಿಲ್ಲ. ಎರಡು ಬಾಟ್ಲಿಗೆ ಅಷ್ಟು ದೂರ ಹೋಗುವುದು ಅಪರೂಪ, ಆದರೆ ಹಡಗಿನ ಮೇಲೆ ಜಗಳಕ್ಕೆ ನಿಂತರೆ ಆ ದಾರಿ ತೆರೆಯುತ್ತದೆ.

ಈಗ ಬಚ್ಚಿಡುವ ಉಪಾಯಗಳು ಯಾಕೆ ನಡೆಯುವುದಿಲ್ಲ ಎಂಬುದು. ಟರ್ಮಿನಲ್ಲಿನ ಎಕ್ಸ್-ರೇ ಯಂತ್ರ ವಿಮಾನ ನಿಲ್ದಾಣದ್ದೇ ಜಾತಿಯದು. ಎರಡು ಬೇರೆ ಶಕ್ತಿಯ ಕಿರಣ ಹಾಯಿಸಿ ವಸ್ತು ಯಾವ ಬಗೆಯದು ಎಂದು ಬಣ್ಣದಲ್ಲಿ ತೋರಿಸುತ್ತದೆ. ಬಟ್ಟೆ, ಆಹಾರ, ನೀರು, ಮದ್ಯದಂಥ ಸಾವಯವ ವಸ್ತು ಕಿತ್ತಳೆ, ಕಬ್ಬಿಣದಂಥ ಭಾರದ ಲೋಹ ನೀಲಿ, ಗಾಜು ಮತ್ತು ಅಲ್ಯುಮಿನಿಯಂ ಹಸಿರಿನ ಕಡೆ. ಮಡಚಿದ ಅರಿವೆ ತೆಳು ಕಿತ್ತಳೆಯಾಗಿ ಕಂಡರೆ, ಒಂದೇ ಕಡೆ ಕೂಡಿದ ದ್ರವ ಗಟ್ಟಿ ಕಿತ್ತಳೆಯಾಗಿ ಎದ್ದು ಕಾಣುತ್ತದೆ. ಟವೆಲ್ ಎಷ್ಟು ಸುತ್ತು ಸುತ್ತಿದರೂ ಕಿರಣಕ್ಕೆ ಅದು ಲೆಕ್ಕಕ್ಕಿಲ್ಲ.

ನಮ್ಮ ಕಡೆ ಹಬ್ಬಿರುವ ಒಂದು ತಪ್ಪು ತಿಳಿವಳಿಕೆ ಟೆಟ್ರಾ ಪ್ಯಾಕಿನದು. ಗಾಜಿಲ್ಲ, ಕಾಗದದ ಪೊಟ್ಟಣ, ಮಷಿನ್ನಿನಲ್ಲಿ ಕಾಣುವುದಿಲ್ಲ ಅಂತ ಜನ ನಂಬಿದ್ದಾರೆ. ಒಂದು ಪ್ಯಾಕು ಕತ್ತರಿಸಿ ಒಳಗೆ ನೋಡಿ: ಕಾಗದದ ಹಿಂದೆ ಬೆಳ್ಳಗೆ ಹೊಳೆಯುವ ಹಾಳೆ ಇದೆ. ಅದು ಅಲ್ಯುಮಿನಿಯಂ. ಹತ್ತು ಪ್ಯಾಕು ಸಾಲಾಗಿ ಇಟ್ಟರೆ ಪರದೆಯ ಮೇಲೆ ಹತ್ತು ಚೌಕ ಸಾಲಾಗಿ ಕಾಣುತ್ತವೆ. ಬಾಟ್ಲಿಯಂತೆ ಇದೂ ಸಿಕ್ಕಿಬೀಳುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಿಗೂ ಇದೇ ಗತಿ. ಆಕಾರ ಬಾಟ್ಲಿಯಂತಿಲ್ಲ ಅಷ್ಟೇ, ದ್ರವ ದ್ರವವೇ. ಮೇಲಾಗಿ ಟ್ರಾಲಿಯಲ್ಲಿ ಇಪ್ಪತ್ತು-ಇಪ್ಪತ್ತೈದು ಕಿಲೋದ ಸೂಟ್‌ಕೇಸುಗಳು ಒಂದರ ಮೇಲೊಂದು ಬಿದ್ದಾಗ ಈ ಚೀಲದ ಮುಚ್ಚಳದ ಬುಡ ಸೋರುತ್ತದೆ. ಶಾಂಪೂ ಡಬ್ಬಿ ತೊಳೆದು ತುಂಬಿಸುವವರೂ ಇದ್ದಾರೆ. ಅದನ್ನು ದಯವಿಟ್ಟು ಮಾಡಬೇಡಿ, ಎಷ್ಟು ತೊಳೆದರೂ ಸಾಬೂನಿನ ಅಂಶ ಪ್ಲಾಸ್ಟಿಕ್ಕಿನಲ್ಲಿ ಉಳಿಯುತ್ತದೆ, ಹೊಟ್ಟೆ ಕೆಡಬಹುದು.

ನೀರಿನ ಬಾಟ್ಲಿಯ ಉಪಾಯ ಎಷ್ಟು ಹಳೆಯದೆಂದರೆ ಅದರಿಂದಾಗಿಯೇ ಕೆಲವು ಕಂಪನಿಗಳು ನೀರಿನ ಬಾಟ್ಲಿಯನ್ನೇ ಹಡಗಿಗೆ ತರಬಾರದು ಎಂದಿವೆ. ಅಮೆರಿಕದ ಕ್ರೂಸ್ ಕಂಪನಿ ಕಾರ್ನಿವಲ್ 2015ರಲ್ಲಿ ಈ ನಿಯಮ ತಂದಿತು. ಸೀಲ್ ಒಡೆದ ಬಾಟ್ಲಿ ಕಂಡರೆ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ಇದರಲ್ಲಿ ಇನ್ನೊಂದು ಅಪಾಯವಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ವೋಡ್ಕಾ ತುಂಬಿದ ನೀರಿನ ಬಾಟ್ಲಿ ತಪಾಸಣೆ ದಾಟಿ ಕ್ಯಾಬಿನ್ನಿನ ಸಣ್ಣ ಫ್ರಿಜ್‌ಗೆ ಹೋಯಿತು ಅಂತಿಟ್ಟುಕೊಳ್ಳಿ. ರಾತ್ರಿ ದೀಪವಿಲ್ಲದ ಕ್ಯಾಬಿನ್ನಿನಲ್ಲಿ ಬಾಯಾರಿ ಎದ್ದ ಮಗುವಿಗೆ ಅದು ನೀರಿನ ಬಾಟ್ಲಿಯೇ. ಸಣ್ಣ ಮಕ್ಕಳಿಗೆ ಕೆಲವೇ ಗುಟುಕು ಸಾಕು, ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ನಡುಸಮುದ್ರದಲ್ಲಿ ಇರುವುದು ಹಡಗಿನ ಡಾಕ್ಟರೊಬ್ಬರೇ, ದೊಡ್ಡಾಸ್ಪತ್ರೆ ಅಲ್ಲಿಲ್ಲ.

ಎಲ್ಲ ಹಡಗಿಗೂ ಒಂದೇ ನಿಯಮವಿಲ್ಲ ಎಂಬುದೂ ತಿಳಿದಿರಲಿ. ಮುಂಬೈ-ಗೋವಾ ಮಾರ್ಗದಲ್ಲಿ ಹೊರಗಿನ ಮದ್ಯಕ್ಕೆ ಅವಕಾಶವೇ ಇಲ್ಲ, ಹೊರಗಿನ ಊಟಕ್ಕೂ ಇಲ್ಲ. ರಾಯಲ್ ಕೆರಿಬಿಯನ್ ಮತ್ತು ಕಾರ್ನಿವಲ್‌ನವರು ಹತ್ತುವ ದಿನ ಮಾತ್ರ, ಕುಡಿಯುವ ವಯಸ್ಸಾದ ಪ್ರತಿಯೊಬ್ಬರಿಗೆ 750 ಮಿಲಿಯ ಒಂದು ವೈನ್ ಅಥವಾ ಶಾಂಪೇನ್ ಬಾಟ್ಲಿಗೆ ಬಿಡುತ್ತಾರೆ. ಸೀಲ್ ಒಡೆದಿರಬಾರದು, ಕೈಚೀಲದಲ್ಲೇ ಇರಬೇಕು, ಕಟ್ಟಿ ಕಳಿಸುವ ಸೂಟ್‌ಕೇಸಿನಲ್ಲಿ ಇರಬಾರದು. ವಿಸ್ಕಿ, ರಮ್, ವೋಡ್ಕಾ, ಬಿಯರ್ ಅವರಲ್ಲೂ ನಿಷಿದ್ಧ. ಆ ವೈನನ್ನು ಹಡಗಿನ ರೆಸ್ಟೋರೆಂಟಿಗೆ ಒಯ್ದು ಕುಡಿದರೆ ಬಾಟ್ಲಿ ತೆಗೆಯುವ ಶುಲ್ಕ ಬೇರೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೋದ ವರ್ಷ ಹೋಗಿಬಂದ ಬೀಗರ ಮಾತು ನಂಬಬೇಡಿ, ನಿಮ್ಮ ಟಿಕೆಟ್ಟಿನ ಜತೆ ಬಂದ ನಿಷೇಧಿತ ವಸ್ತುಗಳ ಪಟ್ಟಿಯನ್ನೇ ಓದಿ.

ಆ ಪಟ್ಟಿಯಲ್ಲಿ ನಮ್ಮವರು ಸಿಕ್ಕಿಬೀಳುವ ಬೇರೆ ವಸ್ತುಗಳೂ ಇವೆ: ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡು, ಊದುಬತ್ತಿ, ದೀಪ. ಹಡಗಿನಲ್ಲಿ ಬೆಂಕಿಗೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಮನೆಯಲ್ಲಿ ಮಾಡಿದ ರೊಟ್ಟಿ-ಪಲ್ಯ ಕಟ್ಟಿಕೊಂಡರೆ ಟರ್ಮಿನಲ್ಲಿನಲ್ಲೇ ಉಂಡು ಮುಗಿಸಿ. ಉಪ್ಪಿನಕಾಯಿ ಬಾಟ್ಲಿಯ ಎಣ್ಣೆಯೂ ಪರದೆಯಲ್ಲಿ ದ್ರವವಾಗೇ ಕಾಣುತ್ತದೆ, ಅದೊಂದಕ್ಕಾಗಿಯೂ ಬ್ಯಾಗ್ ತಡೆಯಬಹುದು. ಮಾತ್ರೆ, ಕನ್ನಡಕ, ಮಕ್ಕಳ ಒಂದು ಜತೆ ಬಟ್ಟೆ, ಪಾಸ್‌ಪೋರ್ಟ್ ಅಥವಾ ಆಧಾರ್ ಎಂದಿಗೂ ಕೈಚೀಲದಲ್ಲಿರಲಿ. ಏನೂ ತಪ್ಪು ಮಾಡದವರ ಬ್ಯಾಗೂ ತಡವಾಗುವುದುಂಟು.

ಉಳಿತಾಯದ ಲೆಕ್ಕ ಒಮ್ಮೆ ಹಾಕಿ ನೋಡೋಣ. 750ರ ಒಂದು ಬಾಟ್ಲಿ ಎಂದರೆ 30 ಮಿಲಿಯ 25 ಸಣ್ಣ ಪೆಗ್. ನಾಲ್ಕು ಬಾಟ್ಲಿ ನೂರು ಪೆಗ್. ಎರಡು ರಾತ್ರಿಗೆ, ನಾಲ್ವರಿಗೆ, ನೂರು ಪೆಗ್ ಯಾರೂ ಕುಡಿಯಬಾರದು. ನಿಜಕ್ಕೂ ಬೇಕಾಗುವುದು ದಿನಕ್ಕೆ ಎರಡೋ ಮೂರೋ ಆಗಿದ್ದರೆ ಹಡಗಿನ ಬಾರಿನಲ್ಲಿ ಬಿಡಿಯಾಗಿ ಕೊಳ್ಳುವುದೇ ಸಾಕು. ಡ್ರಿಂಕ್ಸ್ ಪ್ಯಾಕೇಜ್ (ಕುಡಿಯುವುದಕ್ಕೆಲ್ಲ ಸೇರಿಸಿ ಒಟ್ಟಿಗೆ ದುಡ್ಡು ಕಟ್ಟುವ ವ್ಯವಸ್ಥೆ) ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ. ಒಂದು, ಒಂದೇ ಕ್ಯಾಬಿನ್ನಿನ ವಯಸ್ಕರೆಲ್ಲರೂ ಕೊಳ್ಳಲೇಬೇಕಾ? ದೊಡ್ಡ ಕಂಪನಿಗಳಲ್ಲಿ ಈ ಷರತ್ತು ಸಾಮಾನ್ಯ. ಗಂಡ ಕುಡಿದು ಹೆಂಡತಿ ಮುಟ್ಟದ ಮನೆಗಳಿಗೆ ಇದು ನಷ್ಟದ ವ್ಯವಹಾರ. ಎರಡು, ಸರ್ವಿಸ್ ಚಾರ್ಜ್ ಸೇರಿದೆಯಾ? ಪಟ್ಟಿಯಲ್ಲಿ ತೋರಿಸುವ ದರದ ಮೇಲೆ ಶೇ. 18ರಿಂದ 20 ಸೇರುವುದುಂಟು. ಹಡಗು ಹೊಯ್ದಾಡುತ್ತದೆ ಎಂದು ವಾಂತಿ ತಡೆಯುವ ಮಾತ್ರೆ ತಗೊಂಡವರು ಅಂದು ಮದ್ಯ ಮುಟ್ಟಬೇಡಿ. ಆ ಮಾತ್ರೆಗಳೇ ಮಂಪರು ತರುತ್ತವೆ, ಎರಡೂ ಸೇರಿದರೆ ಬಾಲ್ಕನಿ, ಮೆಟ್ಟಿಲು ಎಲ್ಲವೂ ಅಪಾಯ.

ಮಧ್ಯದ ಬಂದರಿನಲ್ಲಿ ಇಳಿದು ಕೊಂಡ ಬಾಟ್ಲಿಯ ಕಥೆ ಬೇರೆ. ವಾಪಸು ಹತ್ತುವಾಗ ತಾವಾಗಿ ತೋರಿಸಿದರೆ ಹಲವು ಹಡಗುಗಳಲ್ಲಿ ಚೀಟಿ ಕೊಟ್ಟು ಇಟ್ಟುಕೊಳ್ಳುತ್ತಾರೆ, ಕೊನೆಯ ರಾತ್ರಿ ಅಥವಾ ಇಳಿಯುವ ಬೆಳಿಗ್ಗೆ ಮರಳಿಸುತ್ತಾರೆ. ಬಚ್ಚಿಟ್ಟು ಸಿಕ್ಕರೆ ಮರಳುವುದಿಲ್ಲ. ಲಕ್ಷದ್ವೀಪಕ್ಕೆ ಹೋಗುವ ಮಾರ್ಗವಾದರೆ ಬಾಟ್ಲಿಯ ಯೋಚನೆಯೇ ಬೇಡ, ಬಂಗಾರಂ ಬಿಟ್ಟು ಉಳಿದ ದ್ವೀಪಗಳಲ್ಲಿ ಪಾನನಿಷೇಧವಿದೆ.

ಸಿಂಗಪುರದ ಕ್ರೂಸ್‌ಗೆ ಹೋಗುವವರು ಇಲ್ಲಿ ಎಚ್ಚರ ವಹಿಸಬೇಕು. ಹಲವು ಹಡಗುಗಳು ಪೆನಾಂಗ್, ಪೋರ್ಟ್ ಕ್ಲಾಂಗ್ ಮುಟ್ಟಿ ಬರುತ್ತವೆ, ಇವೆರಡೂ ಮಲೇಷ್ಯಾ. ಮಲೇಷ್ಯಾದಿಂದ ಬಂದವರಿಗೆ ಸಿಂಗಪುರದಲ್ಲಿ ಮದ್ಯಕ್ಕೆ ಸುಂಕ ವಿನಾಯಿತಿಯೇ ಇಲ್ಲ. ಒಂದು ಲೀಟರ್ ಶುದ್ಧ ಆಲ್ಕೋಹಾಲಿಗೆ 88 ಸಿಂಗಪುರ ಡಾಲರ್ ಸುಂಕ, ಅಂದರೆ ಶೇ. 40ರ ಒಂದು ಲೀಟರ್ ವಿಸ್ಕಿಗೆ 35 ಡಾಲರ್ ದಾಟುತ್ತದೆ, ಜಿಎಸ್‌ಟಿ ಮೇಲೆ. ಅಗ್ಗವಾಯಿತೆಂದು ಕೊಂಡದ್ದು ಅಲ್ಲಿಗೆ ದುಬಾರಿ. ಗುಟ್ಕಾ, ಜರ್ದಾ ಕಿಸೆಯಲ್ಲಿ ಇಟ್ಟುಕೊಂಡು ಹೋಗುವವರಿಗೂ ಹೇಳಿಬಿಡುತ್ತೇನೆ, ಅಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ, ಮನೆಯಲ್ಲೇ ಬಿಟ್ಟು ಹೋಗಿ.

ಬಾಟ್ಲಿ ಬೇಕೇ ಬೇಕಿದ್ದರೆ ಮನೆಗೆ ವಾಪಸು ಹೊರಡುವ ದಿನ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಕೊಳ್ಳಿ. ಭಾರತದ ಕಸ್ಟಮ್ಸ್ ಒಬ್ಬರಿಗೆ 2 ಲೀಟರ್ ಬಿಡುತ್ತದೆ. ನೇರ ಹುಬ್ಬಳ್ಳಿಗೆ ಅಂತಾರಾಷ್ಟ್ರೀಯ ವಿಮಾನ ಇಲ್ಲದ್ದರಿಂದ ಬೆಂಗಳೂರು ಅಥವಾ ಮುಂಬೈಯಲ್ಲಿ ಲಗೇಜ್ ಇಳಿಸಿಕೊಂಡು ಕಸ್ಟಮ್ಸ್ ದಾಟಬೇಕು. ಆಗಲೇ ಬಾಟ್ಲಿಯನ್ನು ಕೈಚೀಲದಿಂದ ತೆಗೆದು ಚೆಕ್-ಇನ್ ಬ್ಯಾಗಿಗೆ ಹಾಕಿ, ಹುಬ್ಬಳ್ಳಿಯ ಗೋಕುಲ ರೋಡಿನ ವಿಮಾನ ನಿಲ್ದಾಣದಲ್ಲಿ ಇಳಿಯುವ ತನಕ ಅಲ್ಲೇ ಇರಲಿ. ಶೇ. 24ರಿಂದ 70ರಷ್ಟು ಆಲ್ಕೋಹಾಲ್ ಇರುವ ಮದ್ಯ ಚೆಕ್-ಇನ್‌ನಲ್ಲಿ ಒಬ್ಬರಿಗೆ 5 ಲೀಟರ್ ತನಕ, ಕಂಪನಿಯ ಸೀಲ್ ಇರಬೇಕು. ಅಂಗಡಿಯ ಬಿಲ್ ಬಿಸಾಡಬೇಡಿ.

ಗೋವಾದಲ್ಲಿ ಇಳಿದು ಕಾರಿನಲ್ಲಿ ಊರಿಗೆ ಬರುವವರು ಹಡಗಿನಲ್ಲಿ ತಪ್ಪಿದ್ದನ್ನು ಇಲ್ಲಿ ತುಂಬಿಸಿಕೊಳ್ಳೋಣ ಎಂದು ಡಿಕ್ಕಿಗೆ ಬಾಟ್ಲಿ ಹಾಕುತ್ತಾರೆ. ಅನಮೋಡ್ ಘಾಟ್ ಹತ್ತಿದ ಮೇಲೆ ಅಬಕಾರಿ ಚೆಕ್‌ಪೋಸ್ಟ್ ಇದೆ, ಕಾರವಾರದ ಕಡೆಯಿಂದ ಬಂದರೆ ಮಾಜಾಳಿ. ಕರ್ನಾಟಕದಲ್ಲಿ ಸುಂಕ ಕಟ್ಟಿದ ಬಾಟ್ಲಿಗೆ ಮುಚ್ಚಳದ ಮೇಲೆ ನಮ್ಮ ಅಬಕಾರಿ ಲೇಬಲ್ ಇರುತ್ತದೆ. ಗೋವಾದ ಬಾಟ್ಲಿಯ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬರೆದಿರುತ್ತದೆ. ಅದನ್ನು ಓದಲು ಅಧಿಕಾರಿಗೆ ಎರಡು ಸೆಕೆಂಡು ಸಾಕು. ಅಂಗಡಿಯವರು ಬರೆದುಕೊಡುವ ಪರ್ಮಿಟ್ ಚೀಟಿಯಿಂದ ಕರ್ನಾಟಕದ ಸುಂಕ ಕಟ್ಟಿದಂತಾಗುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿ ಕೇಸ್ ಹಾಕುವುದರ ಜತೆಗೆ ಸಾಗಿಸಿದ ವಾಹನವನ್ನೂ ಜಪ್ತಿ ಮಾಡಬಹುದು. ಬಾಡಿಗೆ ಕಾರಾಗಿದ್ದರೆ ಡ್ರೈವರ್ ಅಣ್ಣನ ಹೊಟ್ಟೆಪಾಡಿನ ಗಾಡಿ ನಿಮ್ಮ ಬಾಟ್ಲಿಗಾಗಿ ಠಾಣೆಯಲ್ಲಿ ನಿಲ್ಲುತ್ತದೆ. ಅವರಿಗೆ ಹೇಳದೆ ಡಿಕ್ಕಿಯಲ್ಲಿ ಇಡುವುದು ದೊಡ್ಡ ಅನ್ಯಾಯ.

ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ವಾಸ್ಕೋದಿಂದ ಹುಬ್ಬಳ್ಳಿ, ಗದಗಿಗೆ ಬಂದರೂ ಕಾಯ್ದೆ ಅದೇ. ತಪಾಸಣೆಯವರು ಬಂದಾಗ ಬ್ಯಾಗು "ನಮ್ಮದಲ್ಲ" ಎಂದು ಬಿಟ್ಟರೆ ಒಳಗಿದ್ದ ಬಟ್ಟೆಯೂ ಹೋಗುತ್ತದೆ.

ಮಹಾರಾಷ್ಟ್ರದ ದಾರಿ ಹಿಡಿದವರಿಗೆ ಇನ್ನೊಂದು ಮಾತು. ಅಲ್ಲಿ ಕುಡಿಯುವುದಕ್ಕೇ ಪರ್ಮಿಟ್ ಬೇಕು, ವಿಸ್ಕಿ-ರಮ್ಮಿಗೆ ವಯಸ್ಸು 25 ಆಗಿರಬೇಕು. ಕಾಲೇಜು ಮುಗಿಸಿದ ಹುಡುಗರ ಗುಂಪು ಹುಬ್ಬಳ್ಳಿಯಿಂದ ಬಾಟ್ಲಿ ಕಟ್ಟಿಕೊಂಡು ನಿಪ್ಪಾಣಿ ದಾಟಿದ ಕ್ಷಣದಿಂದಲೇ, ಹಡಗು ಕಣ್ಣಿಗೆ ಬೀಳುವ ಮುಂಚೆಯೇ, ತೊಂದರೆಯಲ್ಲಿರುತ್ತದೆ.

ಎಲ್ಲಿಯಾದರೂ ತಡೆದರೆ ಸುಳ್ಳು ಹೇಳಬೇಡಿ, ರೊಕ್ಕ ಚಾಚಬೇಡಿ. ಹಡಗಿನಲ್ಲಾದರೆ ವಶಪಡಿಸಿಕೊಂಡ ವಸ್ತುವಿನ ಚೀಟಿ ಕೇಳಿ. ಚೆಕ್‌ಪೋಸ್ಟಿನಲ್ಲಾದರೆ ಪಂಚನಾಮೆಯ ಪ್ರತಿ ಕೇಳಿ, ಬಾಟ್ಲಿಯ ಸಂಖ್ಯೆ ಮತ್ತು ಅಳತೆ ಸರಿ ಬರೆದಿದ್ದಾರಾ ಎಂದು ಓದಿದ ಮೇಲೆಯೇ ಸಹಿ ಮಾಡಿ. ಕ್ರೂಸ್ ಬುಕ್ ಮಾಡುವವರು ಮುಂಗಡ ಕೊಡುವ ಮುಂಚೆ ಏಜೆಂಟರಿಂದ ಮೂರು ಕಾಗದ ವಾಟ್ಸಾಪಿಗೆ ತರಿಸಿಕೊಳ್ಳಿ: ನಿಷೇಧಿತ ವಸ್ತುಗಳ ಪಟ್ಟಿ, ಡ್ರಿಂಕ್ಸ್ ದರಪಟ್ಟಿ, ರದ್ದತಿಯ ಷರತ್ತು. ಇವನ್ನು ಕಳಿಸಲು ಹಿಂದೆಮುಂದೆ ನೋಡುವ ಏಜೆಂಟರ ಹತ್ತಿರ ಬುಕ್ ಮಾಡಬೇಡಿ.