ಬದಿಯಡ್ಕದ ಆದಿತ್ಯವಾರದ ಕೆಮಿಸ್ಟ್ರಿ ಟ್ಯೂಷನ್, ಕೈನೆಟಿಕ್ಸ್ ತಲೆಗೆ ಹತ್ತದವರಿಗೆ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಕನ್ನಡದಲ್ಲೇ ನಡೆಯುವ ಈ ಬಿಎಸ್ಸಿ ಟ್ಯೂಷನ್‌ಗೆ ನಾಲ್ಕು ತಿಂಗಳು ಹೋದೆ, ಕೈನೆಟಿಕ್ಸ್ (ರಿಯಾಕ್ಷನ್ ಎಷ್ಟು ಬೇಗ ನಡೀತದೆ ಅನ್ನುವ ಪಾಠ) ಒಂದಕ್ಕೇ ಕೊಟ್ಟ ದುಡ್ಡು ವಸೂಲಾಯ್ತು.

ನನ್ನ ತಲೆಬಿಸಿ ಒಂದೇ. ರಿಯಾಕ್ಷನ್ನಿನ ನಡುವೆ ಹುಟ್ಟಿ ಮುಗಿದು ಹೋಗುವ ಇಂಟರ್‌ಮೀಡಿಯೇಟ್ ಪ್ರಮಾಣ ಬದಲಾಗುದಿಲ್ಲ ಅಂತ ಅದು ಬದಲಾಗುವ ರೇಟಿಗೆ ಸೊನ್ನೆ ಹಾಕ್ತೇವಲ್ಲ, ಸ್ಟೆಡಿ ಸ್ಟೇಟ್ ಅಂತ, ಹಾಗಾದ್ರೆ ಅದು ಈಕ್ವಿಲಿಬ್ರಿಯಮ್ಮೇ ಅಲ್ವಾ? ಮೊದಲು ಹೋಗ್ತಿದ್ದ ಕಡೆ ಕೇಳಿದ್ದಕ್ಕೆ ಸ್ಟೆಡಿ ಸ್ಟೇಟಿನದ್ದು, ಈಕ್ವಿಲಿಬ್ರಿಯಮಿನದ್ದು ಎರಡೂ ಡಿರೈವೇಶನ್ ಬಾಯಿಪಾಠ ಮಾಡು ಅಂದಿದ್ರು. ಇಲ್ಲಿ ಸರ್ ಚಾಕ್ ಕೆಳಗಿಟ್ಟು, ನಿಮ್ಮಲ್ಲಿ ಸುರಂಗ ಉಂಟಾ ಅಂತ ಕೇಳಿದ್ರು.

ಉಂಟು. ನೀರಿಗೆ ಅಂತ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಬಂದು ಮಣ್ಣಿನ ಟಾಂಕಿಗೆ ಬೀಳ್ತದೆ, ಕೆಳಗಿನ ಪೈಪಲ್ಲಿ ತೋಟಕ್ಕೆ ಹೋಗ್ತದೆ, ಬಂದಷ್ಟೇ ಹೋಗುದ್ರಿಂದ ಮಟ್ಟ ಅಲ್ಲಾಡುದಿಲ್ಲ ಆದ್ರೆ ನೀರು ಓಡ್ತಾನೇ ಇರ್ತದೆ, ಅದು ಸ್ಟೆಡಿ ಸ್ಟೇಟ್. ಎರಡು ಟಾಂಕಿಯ ನಡುವೆ ದಪ್ಪ ಪೈಪ್ ಹಾಕಿ ಬಿಟ್ರೆ ಮಟ್ಟ ಸಮ ಆಗಿ ಹರಿವೇ ನಿಲ್ತದೆ, ಅದು ಈಕ್ವಿಲಿಬ್ರಿಯಂ. ಈಗ ಒಂದಕ್ಕೆ ಸೂಜಿಯಷ್ಟು ತೂತು ಮಾಡಿ ಅಂದ್ರು. ಸೋರುದು ಅಷ್ಟು ನಿಧಾನ, ಮಟ್ಟ ಹೆಚ್ಚುಕಮ್ಮಿ ಸಮವೇ ಇರ್ತದೆ, ಪ್ರೀ ಈಕ್ವಿಲಿಬ್ರಿಯಂ ಅಂದ್ರೆ ಇಷ್ಟೇ. ಇನ್ನು ಮಾರ್ಚ್‌ನಲ್ಲಿ ಸುರಂಗದ ನೀರು ದಿನಾ ಕಮ್ಮಿ ಆಗ್ತದೆ, ಟಾಂಕಿಯ ಮಟ್ಟವೂ ಜೊತೆಗೇ ಮೆಲ್ಲ ಇಳಿತದೆ, ಆದ್ರೂ ಆಯಾ ದಿನ ಬಂದದ್ದೂ ಹೋದದ್ದೂ ಹತ್ತತ್ತಿರ. ನಾವು ಹಾಕುವ ಸೊನ್ನೆ ನಿಜದ ಸೊನ್ನೆ ಅಲ್ಲ, ಹುಟ್ಟುವ ಮತ್ತು ಮುಗಿಯುವ ರೇಟಿನ ಎದುರು ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಇದು ಹೊಳೆದ ದಿನ ನಂಗೆ ಮನೆಗೆ ಹೋಗಿ ಟಾಂಕಿಯ ಹತ್ರವೇ ಕೂತುಕೊಳ್ಳಬೇಕು ಅನ್ನಿಸಿತು.

ಎಂಜೈಮ್ ಪಾಠವೂ ಹೀಗೇ. 1913ರಲ್ಲಿ ಮೈಕೇಲಿಸ್, ಮೆಂಟೆನ್ ಈಕ್ವಿಲಿಬ್ರಿಯಂ ಹಿಡಿದ್ರು, 1925ರಲ್ಲಿ ಬ್ರಿಗ್ಸ್, ಹಾಲ್ಡೇನ್ ಸ್ಟೆಡಿ ಸ್ಟೇಟ್ ಹಿಡಿದ್ರು. ಸಮೀಕರಣದ ರೂಪ ಒಂದೇ, ಕೆಎಂ (ರೇಟ್ ಗರಿಷ್ಠದ ಅರ್ಧ ಆಗ್ಲಿಕ್ಕೆ ಬೇಕಾದ ಸಬ್‌ಸ್ಟ್ರೇಟಿನ ಸಾಂದ್ರತೆ) ಮಾತ್ರ ಬೇರೆ. ಸಬ್‌ಸ್ಟ್ರೇಟ್ ಎಂಜೈಮಿಗೆ ಅಂಟುವ ರೇಟ್ ಕಾನ್‌ಸ್ಟಂಟ್ ಕೆ 1, ಬಿಟ್ಟು ಹೋಗುವದ್ದು ಕೆ ಮೈನಸ್ 1, ಪ್ರಾಡಕ್ಟ್ ಆಗುವದ್ದು ಕೆ 2: ಮೊದಲನೆಯದ್ರಲ್ಲಿ ಕೆ ಮೈನಸ್ 1 ಅನ್ನು ಕೆ 1ರಿಂದ ಭಾಗಿಸಿದ್ದು, ಎರಡನೆಯದ್ರಲ್ಲಿ ಮೇಲೆ ಕೆ 2 ಕೂಡ ಸೇರ್ತದೆ. ಕೆ ಮೈನಸ್ 1ರ ಎದುರು ಕೆ 2 ತೀರಾ ಸಣ್ಣದಾದ್ರೆ ಎರಡೂ ಒಂದೇ. ಹಾಗಾಗಿ ಕೆಎಂ ದೊಡ್ಡದಿದ್ದ ಕೂಡಲೇ ಎಂಜೈಮಿನ ಹಿಡಿತ ಸಡಿಲ ಅಂತ ಬರೆದವರಿಗೆ ಸರ್ ಮಾರ್ಕ್ ಕೊಡುದಿಲ್ಲ, ಅದು ಸರಿಯೇ.

ಕೊರತೆ ಉಂಟು. ಪ್ರಿಂಟೆಡ್ ನೋಟ್ಸ್ ಇಲ್ಲ, ರೂಮಿಗೆ ಒಂದೇ ಫ್ಯಾನ್. ರಿಯಾಕ್ಷನ್ ಶುರುವಾದ ಕೂಡಲೇ ಇಂಟರ್‌ಮೀಡಿಯೇಟ್ ಇನ್ನೂ ತುಂಬ್ತಾ ಇರುವಾಗ ಸ್ಟೆಡಿ ಸ್ಟೇಟ್ ನಡೆಯುದಿಲ್ಲ, ಆ ಇಂಡಕ್ಷನ್ ಗ್ರಾಫನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ರು, ಅದಕ್ಕೆ ಒಂದು ಪೂರ್ತಿ ಕ್ಲಾಸ್ ಬೇಕಿತ್ತು. ಕುಂಬಳೆ, ಮುಳ್ಳೇರಿಯಾ ಕಡೆಯವರು ಬಸ್ ಟೈಮ್ ನೋಡಿಕೊಂಡೇ ಸೇರಿ, ಡೌಟ್ ಇದ್ರೆ ಸರ್ ಟೈಮಿಗೆ ಬಿಡುದಿಲ್ಲ.