ಬಿಳಿ ಇಲಿ, ಟೊಪ್ಪಿಗೆ ಇಲಿ, ಬಣ್ಣದ ಇಲಿ: ಹಾವಿನ ಮೇವಿಗೆ ಯಾವ ಸೆಟ್ ಕೊಳ್ಳಬೇಕು?

ಅಮೆರಿಕದಲ್ಲಿ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಸಾಕುವವರು ಒಂದು ಹಂತ ದಾಟಿದ ಮೇಲೆ ಫ್ರೋಜನ್ ಇಲಿ ಕೊಳ್ಳುವುದನ್ನು ಬಿಟ್ಟು ಮನೆಯಲ್ಲೇ ಇಲಿ ಸಾಕಲು ಹೊರಡುತ್ತಾರೆ. ಅವರಿಗಾಗಿ ಇಲಿ ಸಾಕಣೆದಾರರು ಮಾರುವ 'ಸ್ಟಾರ್ಟರ್ ಸೆಟ್' ಎಂದರೆ ಒಂದು ಗಂಡು, ಮೂರು ಹೆಣ್ಣು. ಅವರ ಬರಹದಲ್ಲಿ ಅದು 1.3, ಚುಕ್ಕಿಯ ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು. ಹೆಚ್ಚಾಗಿ ಕಾಣುವುದು ಮೂರು ಬಗೆ. ಒಂದು, ಕೆಂಪುಗಣ್ಣಿನ ಪೂರಾ ಬಿಳಿ. ಎರಡು, ತಲೆ ಮತ್ತು ಹೆಗಲು ಕಪ್ಪಾಗಿದ್ದು ಬೆನ್ನುದ್ದಕ್ಕೂ ಒಂದು ಪಟ್ಟೆ ಇರುವ ಹುಡೆಡ್, ಅಂದರೆ ಟೊಪ್ಪಿಗೆ ಹಾಕಿದಂಥ ಇಲಿ. ಮೂರು, ನೀಲಿ, ಬೇಜ್, ಫಾನ್, ಗುಂಗುರು ಕೂದಲಿನ ರೆಕ್ಸ್ ಎಲ್ಲ ಕಲಸಿದ 'ಬಣ್ಣದ ಸೆಟ್'.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೊಪ್ಪಿಗೆ ಸೆಟ್ ಕೊಳ್ಳಿ. ಬಿಳಿಯದೂ ಪರವಾಗಿಲ್ಲ. ಬಣ್ಣದ ಸೆಟ್‌ಗೆ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ, ಕಡಿಮೆಗೆ ಕೊಟ್ಟರೂ ಎರಡು ಸಲ ಯೋಚಿಸಿ. ಹಾವಿಗೆ ಇಲಿಯ ಬಣ್ಣದಿಂದ ಆಗಬೇಕಾದ್ದೇನೂ ಇಲ್ಲ. ಬಾಲ್ ಪೈಥಾನ್ ತುಟಿಯಂಚಿನ ಕುಳಿಗಳಿಂದ ಶಾಖ ಗುರುತಿಸಿ, ವಾಸನೆ ಹಿಡಿದು ಬೇಟೆಯಾಡುವ ಪ್ರಾಣಿ. ಬಣ್ಣ ಉಪಯೋಗಕ್ಕೆ ಬರುವುದು ಸಾಕುವವರ ಲೆಕ್ಕದ ಪುಸ್ತಕಕ್ಕೆ.

ಆ ಲೆಕ್ಕ ಹೀಗೆ. ಟೊಪ್ಪಿಗೆ ಗುಣ ದುರ್ಬಲ ಗುಣ. ತಾಯಿತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ಕಾಣುತ್ತದೆ. ಟೊಪ್ಪಿಗೆ ಹೆಣ್ಣುಗಳ ಜೊತೆಗೆ ಆ ಗುಣವನ್ನು ಒಳಗೂ ಹೊತ್ತಿರದ ಪೂರಾ ಕಪ್ಪು ಗಂಡನ್ನು ಬಿಟ್ಟರೆ, ಹುಟ್ಟುವ ಮರಿಗಳೆಲ್ಲ ಕಪ್ಪು, ಹೊಟ್ಟೆಯ ಕಡೆ ಒಂದಿಷ್ಟು ಬಿಳಿ. ಒಂದಕ್ಕೂ ಟೊಪ್ಪಿಗೆ ಇರುವುದಿಲ್ಲ. ಮುಂದೊಂದು ದಿನ ಅದೇ ಟಬ್‌ನಲ್ಲಿ ಟೊಪ್ಪಿಗೆ ಮರಿ ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ: ಬೇರ್ಪಡಿಸುವಾಗ ಕಣ್ತಪ್ಪಿ ಉಳಿದ ಗಂಡುಮರಿಯೊಂದು ತಾಯಿಗೋ ತಂಗಿಗೋ ಗಬ್ಬ ಕಟ್ಟಿಸಿದೆ. ತಾಯಿಗಾದರೆ ಸುಮಾರು ಅರ್ಧ ಮರಿಗಳು, ತಂಗಿಗಾದರೆ ಕಾಲು ಭಾಗ ಟೊಪ್ಪಿಗೆಯವು. ಗಂಡುಮರಿಗಳು 5 ವಾರಕ್ಕೇ ಬೆದೆಗೆ ಬಂದ ಹೆಣ್ಣನ್ನು ಹತ್ತಬಲ್ಲವಾದ್ದರಿಂದ ಈ ತಪ್ಪು ಮೇಲಿಂದ ಮೇಲೆ ಆಗುತ್ತದೆ. ಬರೀ ಬಿಳಿ ಸೆಟ್ ಸಾಕುವವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಟೊಪ್ಪಿಗೆಯ ಅಗಲ, ಪಟ್ಟೆಯ ದಪ್ಪ ನೋಡಿ ಮಾತ್ರ ತಂದೆಯನ್ನು ಊಹಿಸಬೇಡಿ. ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್ ಕಳೆದ ಶತಮಾನದ ಆರಂಭದಲ್ಲಿ ಟೊಪ್ಪಿಗೆ ಇಲಿಗಳನ್ನು ತಲೆಮಾರುಗಟ್ಟಲೆ ಆರಿಸುತ್ತ ಹೋಗಿ, ಒಂದು ಸಾಲಿನಲ್ಲಿ ಕಪ್ಪನ್ನು ಹಿಗ್ಗಿಸಿದರು, ಇನ್ನೊಂದರಲ್ಲಿ ಕುಗ್ಗಿಸಿದರು. ಮುಖ್ಯ ಜೀನ್ ಒಂದೇ ಇದ್ದರೂ ಅದರ ಅಳತೆಯನ್ನು ತಿದ್ದುವ ಸಣ್ಣಪುಟ್ಟ ಜೀನ್‌ಗಳು ಬೇರೆ ಇವೆ.

ಬಿಳಿ ಇಲಿಯ ವಿಷಯದಲ್ಲಿ ಹೊಸಬರು ಮಾರಿದವನ ಮೇಲೆ ಸುಮ್ಮನೆ ಸಿಟ್ಟಾಗುವುದುಂಟು. ಬಿಳಿ ಗಂಡನ್ನು ಕಪ್ಪು ಟೊಪ್ಪಿಗೆ ಹೆಣ್ಣಿಗೆ ಬಿಟ್ಟರೆ ಮರಿಗಳೆಲ್ಲ ಕಪ್ಪು ಟೊಪ್ಪಿಗೆಯವೇ ಹುಟ್ಟಬಹುದು, ಒಂದೂ ಬಿಳಿ ಇಲ್ಲ. ಇದು ಮೋಸವಲ್ಲ. ವಿಸ್ಟಾರ್, ಸ್ಪ್ರಾಗ್ ಡಾಲಿ ಥರದ ಪ್ರಯೋಗಾಲಯದ ಬಿಳಿ ಇಲಿಗಳು ಮೂಲದಲ್ಲಿ ಟೊಪ್ಪಿಗೆ ಇಲಿಗಳ ಸಂತತಿ. ಬಿಳಿ ಕೂದಲಿನ ಕೆಳಗೆ ಕಪ್ಪೂ ಟೊಪ್ಪಿಗೆಯೂ ಅಡಗಿ ಕೂತಿರುತ್ತವೆ. ಬಣ್ಣ ತಯಾರಿಸುವ ಕೆಲಸವೇ ನಿಂತಿರುವುದರಿಂದ ಕಾಣುವುದಿಲ್ಲ, ಅಷ್ಟೆ.

ಈ ಬಿಳಿಯಿಂದಲೂ ಒಂದು ಕೆಲಸ ತೆಗೆಯಬಹುದು. ಮೂರು ಹೆಣ್ಣು ಒಂದೇ ಗೂಡಿನಲ್ಲಿ ಈದರೆ ಯಾರ ಮರಿ ಎಷ್ಟು ಎಂದು ಹೇಳುವುದು ಕಷ್ಟ. ಮರಿಗಳನ್ನು ಒಟ್ಟು ರಾಶಿ ಹಾಕಿಕೊಂಡು ಎಲ್ಲರೂ ಹಾಲುಣಿಸುತ್ತವೆ. ಗಂಡು ಬಿಳಿ, ಒಂದು ಹೆಣ್ಣು ಬಿಳಿ, ಉಳಿದೆರಡು ಬಿಳುಪು ಹೊತ್ತಿರದ ಕಪ್ಪು ತಳಿಯವು ಎಂದಿಟ್ಟುಕೊಳ್ಳಿ. ಹುಟ್ಟಿದ ದಿನವೇ ಪಿಂಕಿಗಳ, ಅಂದರೆ ಕೂದಲು ಬಾರದ ಗುಲಾಬಿ ಮರಿಗಳ, ಮುಚ್ಚಿದ ರೆಪ್ಪೆಯ ಕೆಳಗೆ ನೋಡಿ: ಕಪ್ಪು ಚುಕ್ಕೆ ಕಾಣದವು ಬಿಳಿ ತಾಯಿಯವು. ಎಣಿಸಿದರೆ ಅವಳ ಸೂಲಿನ ಲೆಕ್ಕ ಸಿಕ್ಕಿತು. ಸತತ ಎರಡು ಸೂಲು 6ಕ್ಕಿಂತ ಕಡಿಮೆ ಹಾಕಿದ ಹೆಣ್ಣನ್ನು ಸಾಲಿನಿಂದ ತೆಗೆಯುವುದು ಲೇಸು. ಸಾಮಾನ್ಯ ಸೂಲು 8ರಿಂದ 12.

ಬಿಳಿಯ ಇನ್ನೊಂದು ಅನುಕೂಲ, ಕಾಯಿಲೆ ಬೇಗ ಕಣ್ಣಿಗೆ ಬೀಳುತ್ತದೆ. ಮೂಗು-ಕಣ್ಣಿನ ಸುತ್ತ ರಕ್ತದಂತೆ ಕಾಣುವ ಕೆಂಪು ಪೋರ್ಫಿರಿನ್ ಕಲೆ ಕಪ್ಪು ಮುಖದ ಮೇಲೆ ತಪ್ಪಿಹೋಗುತ್ತದೆ. ವಯಸ್ಸಾದ ಬಿಳಿ ಗಂಡಿನ ಬೆನ್ನು ಎಣ್ಣೆ ಸುರಿದಂತೆ ಹಳದಿಯಾಗುವುದು ರೋಗವಲ್ಲ, ಹಾವೂ ಬೇಡವೆನ್ನುವುದಿಲ್ಲ. ಅನನುಕೂಲ ಬೆಳಕಿನದು: ಆ ಕಣ್ಣುಗಳಿಗೆ ಪ್ರಖರ ಬೆಳಕಿನಲ್ಲಿ ಅಕ್ಷಿಪಟಲ ಹಾಳಾಗುತ್ತದೆ, ಆದ್ದರಿಂದ ರ‍್ಯಾಕ್‌ನ ಮೇಲಿನ ಸಾಲನ್ನು ಟ್ಯೂಬ್‌ಲೈಟ್‌ನ ನೇರ ಕೆಳಗೆ ಇಡಬೇಡಿ.

ಇನ್ನು ಬಣ್ಣದ ಸೆಟ್. ನೋಡಲು ಚೆಂದ, ಒಪ್ಪಲೇಬೇಕು. ತೊಂದರೆ ಇರುವುದು ಆ ಚೆಂದದ ಜೊತೆಗೆ ಬರುವ ಸಾಮಾನಿನಲ್ಲಿ. ಬೇಜ್ ಮತ್ತು ಫಾನ್ ಬಣ್ಣಗಳು ಕಣ್ಣನ್ನು ಮಾಣಿಕ್ಯದಂತೆ ಗಾಢ ಕೆಂಪು ಮಾಡುವ ಗುಣದಿಂದ ಬರುತ್ತವೆ. ಪ್ರಯೋಗಾಲಯದ ಫಾನ್-ಹುಡೆಡ್ ತಳಿಯಲ್ಲಿ ಈ ಬಣ್ಣಕ್ಕೆ ಕಾರಣವಾದ ಜೀನ್ ದೋಷವೇ ರಕ್ತದ ಪ್ಲೇಟ್‌ಲೆಟ್‌ಗಳ ಒಳಗಿನ ಕಣಗಳನ್ನೂ ಕೆಡಿಸುತ್ತದೆ, ಗಾಯವಾದರೆ ರಕ್ತ ನಿಲ್ಲುವುದು ತಡ. ವರ್ಷಕ್ಕೆ ಐದಾರು ಸಲ ಈಯಬೇಕಾದ ಹೆಣ್ಣಿಗೆ ಇಂಥ ಅಪಾಯ ಯಾಕೆ ಬೇಕು? ಹಣೆಯ ಮೇಲೆ ಬಿಳಿ ನಾಮ, ಎರಡು ಕಣ್ಣಿಗೆ ಎರಡು ಬಣ್ಣ, ಮೈತುಂಬ ಬಿಳುಪು ಇರುವ ಸಾಲುಗಳಲ್ಲಿ ಮೆಗಾಕೋಲನ್ ಬರುತ್ತದೆ: ಕರುಳಿನ ನರಗಳು ಸರಿಯಾಗಿ ಬೆಳೆಯದೆ ಮಲ ಮುಂದಕ್ಕೆ ಸಾಗುವುದಿಲ್ಲ, ಹಾಲು ಬಿಡುವ ಹೊತ್ತಿಗೆ ಹೊಟ್ಟೆ ಊದಿ ಮರಿ ಸೊರಗುತ್ತದೆ. ಮೂರು ವಾರ ತಿನ್ನಿಸಿದ ಮೇವು ದಂಡ. ಪರ್ಲ್ ಬಣ್ಣದ ಎರಡನ್ನು ಕೂಡಿಸಿದರೆ ಕಾಲು ಭಾಗ ಭ್ರೂಣಗಳು ಹೊಟ್ಟೆಯಲ್ಲೇ ಹೋಗುತ್ತವೆ. ಕೂದಲಿಲ್ಲದ ಹೆಣ್ಣುಗಳಲ್ಲಿ ಹಾಲು ಸಾಲದಿರುವುದು ಹಳೆಯ ದೂರು. ಮೈ ಬೆಚ್ಚಗಿಟ್ಟುಕೊಳ್ಳಲು ತಿನ್ನುವುದಂತೂ ಹೆಚ್ಚು. ಗುಲಾಬಿಗಣ್ಣಿನ ಶಾಂಪೇನ್, ಅಂಬರ್ ಬಣ್ಣಗಳು ಸೇರಿಕೊಂಡರೆ ಮೇಲೆ ಹೇಳಿದ ಕಣ್ಚುಕ್ಕೆಯ ಎಣಿಕೆಯೂ ಕೆಡುತ್ತದೆ.

ಸೆಟ್ ಯಾವುದೇ ಆಗಲಿ, ಅದರ ಜೊತೆ ತಳ್ಳುವ ಟಬ್ ಒಮ್ಮೆ ಅಳೆದು ನೋಡಿ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಟಬ್ಬಿಗೆ 1.3 ಸಾಕು ಅನ್ನುತ್ತಾರೆ. ನೆಲ 2400 ಚದರ ಸೆಂ.ಮೀ. ಪ್ರಯೋಗಾಲಯ ಪ್ರಾಣಿಗಳ ಪಾಲನೆಯ ಅಮೆರಿಕನ್ ಕೈಪಿಡಿ ಮರಿಗಳಿರುವ ಒಂದು ತಾಯಿಗೆ ಸುಮಾರು 800 ಚದರ ಸೆಂ.ಮೀ. ಹೇಳುತ್ತದೆ. ಮೂರು ತಾಯಿಗೇ ನೆಲ ಮುಗಿಯಿತು, ಗಂಡು ಎಲ್ಲಿ ಮಲಗಬೇಕು? ಇಕ್ಕಟ್ಟಾದರೆ ಮರಿ ತುಳಿದು ಸಾಯುತ್ತವೆ, ಮೂತ್ರದ ಅಮೋನಿಯಾ ಏರಿ ಶ್ವಾಸಕೋಶಕ್ಕೆ ತಗಲುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಎದ್ದು ಸೀನು ಶುರುವಾಗುತ್ತದೆ. ಆ ಟಬ್ಬಿಗೆ 1.2 ಸರಿ. ಇಲ್ಲವೇ ಗಬ್ಬ ಎದ್ದು ಕಾಣುವಾಗ, 16ರಿಂದ 18ನೇ ದಿನಕ್ಕೆ, ಹೆಣ್ಣನ್ನು ಬೇರೆ ಟಬ್ಬಿಗೆ ಹಾಕಿ. ಗಬ್ಬದ ಅವಧಿ 21ರಿಂದ 23 ದಿನ. ಈದ 24 ಗಂಟೆಯೊಳಗೆ ಮತ್ತೆ ಬೆದೆ ಬರುವುದರಿಂದ ಗಂಡು ಅಲ್ಲೇ ಇದ್ದರೆ ಹಾಲೂಡುತ್ತಲೇ ಮತ್ತೆ ಗಬ್ಬ. ಮರಿ ಲೆಕ್ಕದಲ್ಲಿ ಲಾಭ ಕಂಡರೂ ತಾಯಿ ಬೇಗ ಸವೆಯುತ್ತಾಳೆ, ಮರಿಯ ತೂಕವೂ ಬೀಳುತ್ತದೆ.

ಹಾಸಿಗೆಗೆ ಆಸ್ಪೆನ್ ಅಥವಾ ಬಿಸಿ ಕುಲುಮೆಯಲ್ಲಿ (ಕಿಲ್ನ್) ಒಣಗಿಸಿದ ಪೈನ್ ಮರದ ಹೊಟ್ಟು. ಸೀಡರ್ ಬೇಡವೇ ಬೇಡ. ಕೋಣೆ 18ರಿಂದ 24 ಡಿಗ್ರಿ. 30 ದಾಟಿ ದಿನಗಟ್ಟಲೆ ನಿಂತರೆ ಗಂಡುಗಳ ಬೀಜ ಕೆಡುತ್ತದೆ, ವಾರಗಟ್ಟಲೆ ಗಬ್ಬ ನಿಲ್ಲುವುದಿಲ್ಲ. ಟೆಕ್ಸಾಸ್, ಅರಿಜೋನಾದ ಗ್ಯಾರೇಜುಗಳಲ್ಲಿ ಬೇಸಿಗೆಯ ಕೊನೆಗೆ 'ಸೆಟ್ ಸರಿಯಿಲ್ಲ' ಎಂದು ದೂರುವ ಮುನ್ನ ಥರ್ಮಾಮೀಟರ್ ನೋಡಬೇಕು.

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದ್ದು ಇಲಿಗಳು ಎಲ್ಲಿಂದ ಬಂದವು ಎಂದು. 2017ರಲ್ಲಿ ಇಲಿನಾಯ್, ವಿಸ್ಕಾನ್ಸಿನ್‌ಗಳ ಸಾಕಣೆಗಳಲ್ಲಿ ಮೊದಲು ಪತ್ತೆಯಾದ ಸೋಲ್ ವೈರಸ್ (ಇಲಿಗಳಿಂದ ಮನುಷ್ಯರಿಗೆ ಹರಡುವ ಹಂಟಾವೈರಸ್) 11 ರಾಜ್ಯಗಳಲ್ಲಿ ಕಾಣಿಸಿಕೊಂಡು ಸಾಕುವವರಿಗೂ ತಗುಲಿತು. ಇಲಿಗಳಲ್ಲಿ ಅದರ ಲಕ್ಷಣವೇ ಕಾಣುವುದಿಲ್ಲ. ಹೊಸ ಸೆಟ್ಟನ್ನು ಬೇರೆ ಕೋಣೆಯಲ್ಲಿಟ್ಟು ರಕ್ತಪರೀಕ್ಷೆ ಮಾಡಿಸುವುದು ದುಬಾರಿ ಎನ್ನಿಸಬಹುದು. ಪರೀಕ್ಷೆ ಆದ ಸಾಲಿನಿಂದಲೇ ಕೊಂಡರೆ ಆ ಖರ್ಚು ಮಾರುವವನ ಮೇಲಿರುತ್ತದೆ.

ಇದನ್ನು ಬೆಂಗಳೂರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ಕೇರೆ, ಮಣ್ಣುಮುಕ್ಕ, ಹೆಬ್ಬಾವು, ನಮ್ಮ ಯಾವ ಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಆಫ್ರಿಕಾದ ಬಾಲ್ ಪೈಥಾನ್ ಇಟ್ಟುಕೊಂಡವರೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಬಿಳಿ ಇಲಿ ತಿನ್ನದ ಹಾವು ಕಂದು ಇಲಿ ಕೊಟ್ಟರೆ ತಿಂದಿತು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಬಣ್ಣ ಬದಲಿಸುವ ಮುನ್ನ, ಕರಗಿಸಿದ ಇಲಿಯ ತಲೆಯನ್ನು ಬಿಸಿನೀರಲ್ಲಿ ಅದ್ದಿ 38 ಡಿಗ್ರಿಗೆ ತಂದು, ಮೈ ಒರೆಸಿ, ಉದ್ದ ಇಕ್ಕಳದಲ್ಲಿ ಹಿಡಿದು ಕತ್ತಲಾದ ಮೇಲೆ ತೋರಿಸಿ. ತೂಕವೂ ನೋಡಿ: ಎಳೆಯ ಹಾವಿಗೆ ಅದರ ತೂಕದ 10ರಿಂದ 15%, ಬೆಳೆದದ್ದಕ್ಕೆ ಈ ಶೇಕಡಾ ಪ್ರಮಾಣದ ಅರ್ಧದಷ್ಟು ಸಾಕು. ಆಗಲೂ ಮೂಗು ತಿರುಗಿಸಿದರೆ ಹಾವು ಪೊರೆ ಬಿಡುವ ಹೊತ್ತೇ ಎಂದು ಕಣ್ಣು ನೋಡಿ. ಕಣ್ಣು ನೀಲಿಗಟ್ಟಿದ್ದರೆ ಒಂದೆರಡು ವಾರ ಬಿಟ್ಟು, ಅದೇ ಬಿಳಿ ಇಲಿಯನ್ನೇ ಕೊಡಿ.